ಸೀಸಕ ಅಂದ್ರೆ ಸೀಸ ಅಲ್ಲ

ಶಿರಸ್ತ್ರಾಣಕ್ಕೆ ಹಳೆಯ ಕನ್ನಡದ ಮಾತು ‘ಸೀಸಕ’. ಇದು ಸಂಸ್ಕೃತ ‘ಶೀರ್ಷಕ’ದ ತದ್ಭವ, ಸೀಸ ಎಂಬ ಲೋಹಕ್ಕೆ ಸಂಬಂಧಿಸಿದ್ದಲ್ಲ. ಕೋಳಿವಾಡದವನೆನ್ನುವ ಕುಮಾರವ್ಯಾಸನ ಭಾರತದಲ್ಲೂ ಸಿಗುತ್ತದೆ. ಪದ ತಲೆಯನ್ನು ಹೇಳುತ್ತದೆ, ಯಾವುದರಿಂದ ಮಾಡಿದ್ದು ಅಂತ ಹೇಳುವುದಿಲ್ಲ.

ಲ್ಯಾಟಿನ್‌ನಲ್ಲಿ ಎರಡು ಪದ: ಇಸಿಡೋರ್ (7ನೇ ಶತಮಾನ) ತಗಡಿನದು ‘ಕ್ಯಾಸಿಸ್’, ತೊಗಲಿನದು ‘ಗಾಲಿಯಾ’ ಎನ್ನುತ್ತಾನೆ. ಆದರೆ ರೋಮನ್ನರು ಲೋಹದ್ದನ್ನೂ ಗಾಲಿಯಾ ಅಂತಲೇ ಕರೆದರು. ಹೀಗಾಗಿ ಪದ ನೋಡಿ ವಸ್ತು ತೀರ್ಮಾನಿಸುವಂತಿಲ್ಲ.

ಶಿಲ್ಪಕ್ಕೂ ಇದೇ ಮಾತು. ಅಣ್ಣಿಗೇರಿ, ನವಲಗುಂದ ಕಡೆ ವೀರಗಲ್ಲು ಕಂಡರೆ ತಲೆಯ ಉಬ್ಬನ್ನು ಓರೆಬೆಳಕಲ್ಲಿ ನೋಡಿ. ಹಣೆಯ ಮೇಲೆ ಅಂಚು ಇದೆಯಾ? ಕೂದಲ ಗೆರೆ, ಗಂಟು ಕಂಡರೆ ಅದು ತುರುಬು. ಸುಮ್ಮನೆ ‘ಶಿರಸ್ತ್ರಾಣ’ ಅಂತ ಬರೆದರೆ, ತುರು ಕಾದು ಸತ್ತ ಊರಿನವ ಅರಸನ ಸಿಪಾಯಿ ಆಗಿಬಿಡುತ್ತಾನೆ.