"ಅಪ್ಪ ಮಲಗ್ಯಾರ ಅಜ್ಜಿ": ವ್ಯಸನದ ಮನೆಯಲ್ಲಿ ಬೆಳೆಯುವ ಮಕ್ಕಳು

ಭಾನುವಾರ ಸಂಜೆ ಧಾರವಾಡದಿಂದ ಅಜ್ಜಿಯ ಕರೆ ಬರುತ್ತದೆ. ಶಾಲೆ, ಪರೀಕ್ಷೆ, ಊಟ ಎಲ್ಲವನ್ನೂ ವಿಚಾರಿಸಿದ ಬಳಿಕ ಅವರು "ಅಪ್ಪಗ ಫೋನ್ ಕೊಡಪಾ" ಎನ್ನುತ್ತಾರೆ. ಹತ್ತು ವರ್ಷದ ಮೊಮ್ಮಗ ಒಮ್ಮೆ ತಾಯಿಯ ಮುಖ ನೋಡಿ, "ಅಪ್ಪ ಮಲಗ್ಯಾರ ಅಜ್ಜಿ, ತಲಿ ನೋಯ್ಲಿಕ್ಕತ್ತದಂತ" ಎಂದು ಉತ್ತರಿಸುತ್ತಾನೆ. ಈ ಸುಳ್ಳನ್ನು ಆತನಿಗೆ ಯಾರೂ ಕಲಿಸಿಲ್ಲ. ಕುಡಿತದ ಸುದ್ದಿ ಊರಿಗೆ ಮುಟ್ಟಬಾರದೆಂಬುದನ್ನು ಮನೆಯ ವಾತಾವರಣದಿಂದಲೇ ಆತ ಅರಿತುಕೊಂಡಿದ್ದಾನೆ.

ಇಂತಹ ಸನ್ನಿವೇಶ ಯಾವ ಊರಿನಲ್ಲಾದರೂ ಇರಬಹುದು. ಆದರೆ ಇನ್ಫೋಟೆಕ್ ಪಾರ್ಕಿನ ಉದ್ಯೋಗಕ್ಕೆಂದು ಬಂದು ಹಿಂಜವಾಡಿ, ವಾಕಡ, ಮಾರುಂಜಿಗಳ ಎತ್ತರದ ಕಟ್ಟಡಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಇದರ ಭಾರ ಹೆಚ್ಚು. ಊರಿನಲ್ಲಾಗಿದ್ದರೆ ದೊಡ್ಡಪ್ಪನೋ ಸೋದರಮಾವನೋ ಗದರಿಸುತ್ತಿದ್ದರು. ಆ ಗದರಿಕೆಯಿಂದ ಕುಡಿತ ನಿಲ್ಲುತ್ತಿತ್ತೆಂದು ಹೇಳಲಾರೆ; ಮಗುವಿಗೆ ಓಡಿಹೋಗಿ ಕುಳಿತುಕೊಳ್ಳಲು ಇನ್ನೊಂದು ಮನೆಯಂತೂ ಇರುತ್ತಿತ್ತು. ಇಲ್ಲಿ ಫ್ಲ್ಯಾಟಿನ ಬಾಗಿಲು ಮುಚ್ಚಿದರೆ ಒಳಗಿನದಕ್ಕೆ ಸಾಕ್ಷಿ ಆ ಮಗುವೊಂದೇ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅವರಲ್ಲಿ ಕುಡಿತದ ತೊಂದರೆಗಾಗಿ ನೆರವು ಬೇಕಾದವರು ಸುಮಾರು 5.7 ಕೋಟಿ. ಒಬ್ಬೊಬ್ಬರ ಹಿಂದೆಯೂ ಒಂದು ಕುಟುಂಬವಿದೆಯೆಂದು ಲೆಕ್ಕ ಹಾಕಿದರೆ ನಾವು ಯಾರೂ ಈ ವಿಷಯಕ್ಕೆ ಹೊರಗಿನವರಲ್ಲ. ವ್ಯಸನವು ಬರಿಯ ಚಾರಿತ್ರ್ಯದೋಷವಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ ಎಂದು ವೈದ್ಯಲೋಕ ಒಪ್ಪಿ ದಶಕಗಳೇ ಸಂದಿವೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮನೋಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಹೀಗಿದ್ದರೂ ಸಕ್ಕರೆ ಕಾಯಿಲೆಯ ಬಗ್ಗೆ ಮದುವೆ ಮನೆಯಲ್ಲಿ ನಿಸ್ಸಂಕೋಚವಾಗಿ ಮಾತನಾಡುವ ನಾವು ಇದನ್ನು ಮಾತ್ರ ಮುಚ್ಚಿಡುತ್ತೇವೆ.

ಮುಚ್ಚಿಡುವ ಕೆಲಸ ಬಹುಮಟ್ಟಿಗೆ ಪತ್ನಿಯ ಪಾಲಿಗೆ ಬರುತ್ತದೆ. ಸೋಮವಾರ ಬೆಳಿಗ್ಗೆ ಕಚೇರಿಗೆ "ಅವರಿಗೆ ಜ್ವರ" ಎಂದು ತಿಳಿಸುವವರು ಆಕೆ. ಕ್ರೆಡಿಟ್ ಕಾರ್ಡಿನ ಬಾಕಿ ತೀರಿಸುವವರೂ ಆಕೆಯೇ. ಇದೆಲ್ಲ ಪ್ರೀತಿಯಿಂದ, ಭಯದಿಂದ ಮಾಡುವ ಕೆಲಸ. ಅದಕ್ಕಾಗಿ ಆಕೆಯನ್ನು ದೂರುವುದು ಅನ್ಯಾಯ. ಆದರೆ ಕುಡಿತದ ಪರಿಣಾಮಗಳೆಲ್ಲ ಕುಡಿಯುವವರನ್ನು ಮುಟ್ಟದೆ ಉಳಿದವರ ಮೇಲೆಯೇ ಬೀಳುತ್ತಿದ್ದರೆ, ಚಿಕಿತ್ಸೆಗೆ ಹೋಗಬೇಕೆಂದು ಅವರಿಗೆ ಅನ್ನಿಸುವುದಾದರೂ ಹೇಗೆ?

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಚಿಕ್ಕ ಮಗು ಜಗತ್ತಿನ ಎಲ್ಲ ಘಟನೆಗಳಿಗೂ ತಾನೇ ಕಾರಣವೆಂದು ಭಾವಿಸುತ್ತದೆ. ಗಣಿತದಲ್ಲಿ ಅಂಕ ಕಡಿಮೆ ಬಂದ ದಿನವೇ ಅಪ್ಪ ಕುಡಿದು ಬಂದರೆ, ಆ ಎರಡಕ್ಕೂ ಗಂಟು ಹಾಕಿಕೊಳ್ಳುತ್ತದೆ. ನಮ್ಮ ಮನೆಗಳ ಒಂದು ಪದ್ಧತಿ ಈ ಗಂಟನ್ನು ಮತ್ತಷ್ಟು ಬಿಗಿಯುತ್ತದೆ: ಮಗುವಿನ ತಲೆ ಮುಟ್ಟಿ ಆಣೆ ಮಾಡುವುದು. "ಮಗನ ಮೇಲೆ ಆಣೆ, ಇನ್ನು ಕುಡಿಯುವುದಿಲ್ಲ" ಎಂದು ಆಣೆ ಮಾಡಿದ ಕ್ಷಣದಲ್ಲಿ ತಂದೆಯ ಮಾತು ಪ್ರಾಮಾಣಿಕವೇ ಇರಬಹುದು. ವ್ಯಸನವೋ ಮರುಕಳಿಸುವ ಸ್ವಭಾವದ ಕಾಯಿಲೆ. ಹದಿನೈದು ದಿನಗಳಲ್ಲಿ ಆಣೆ ಮುರಿದಾಗ, ತನಗೆ ಏನೋ ಕೇಡಾಗಲಿದೆಯೆಂದು ಆ ಮಗು ರಾತ್ರಿ ನಿದ್ದೆಗೆಡುತ್ತದೆ. ಜೊತೆಗೆ, ಅಪ್ಪನಿಗೆ ತನ್ನ ಜೀವಕ್ಕಿಂತ ಬಾಟಲಿಯೇ ಹೆಚ್ಚೆಂದು ತೀರ್ಮಾನಿಸಿಕೊಳ್ಳುತ್ತದೆ. ಅಜ್ಜಿಯರು, ಅತ್ತೆಯರು ದಯವಿಟ್ಟು ಈ ಆಣೆಯನ್ನು ಬೇಡದಿರಲಿ.

ಹಾಗಾದರೆ ಮಗುವಿಗೆ ಹೇಳುವುದೇನು? ವಯಸ್ಸಿಗೆ ತಕ್ಕಂತೆ, ಸತ್ಯವನ್ನೇ. "ಅಪ್ಪನಿಗೆ ಕುಡಿತದ ಕಾಯಿಲೆ ಇದೆ. ಅದು ನಿನ್ನಿಂದ ಬಂದದ್ದಲ್ಲ. ಅದನ್ನು ವಾಸಿಮಾಡುವುದು ನಿನ್ನ ಕೆಲಸವೂ ಅಲ್ಲ, ಅದಕ್ಕೆ ವೈದ್ಯರಿದ್ದಾರೆ. ಭಯವಾದರೆ ನನಗೆ ಹೇಳು." ಇಷ್ಟು ಸಾಕು. ಇದನ್ನು ಶಾಂತವಾದ ಹಗಲು ಹೊತ್ತಿನಲ್ಲಿ, ಮನೆಮಾತಿನಲ್ಲಿ ಹೇಳಬೇಕು. ಜಗಳದ ನಡುವೆ "ನೋಡು ನಿಮ್ಮಪ್ಪನ್ನ" ಎಂದು ಹೇಳಿದರೆ ಅದು ಬರಿಯ ದೂರಾಗುತ್ತದೆ. ಮಗುವಿಗೆ ತಂದೆಯ ಮೇಲೆ ಪ್ರೀತಿ, ಸಿಟ್ಟು ಎರಡೂ ಏಕಕಾಲಕ್ಕೆ ಇರಬಹುದು. ಎರಡಕ್ಕೂ ಅವಕಾಶವಿರಲಿ. ಶಾಲೆ, ಆಟ, ಊಟದ ಹೊತ್ತು ಇವು ಆದಷ್ಟೂ ತಪ್ಪದೆ ನಡೆಯಲಿ. ಮನೆಯಲ್ಲಿ ಎಲ್ಲವನ್ನೂ ತಾನೇ ನಿಭಾಯಿಸುವ "ಬಹಳ ಜಾಣೆ"ಯಾದ ಹಿರಿಮಗಳಿದ್ದರೆ ಆಕೆಯ ಕಡೆಗೂ ಒಮ್ಮೆ ನೋಡಿ. ಅವಳಿಗೆ ತನ್ನ ಬಾಲ್ಯ ಸಿಗುತ್ತಿದೆಯೇ?

ಕುಟುಂಬಕ್ಕೂ ಆರೈಕೆ ಬೇಕೆಂಬ ತಿಳಿವಳಿಕೆ ಹೊಸದೇನಲ್ಲ. ಅಮೆರಿಕದಲ್ಲಿ ಕುಡುಕರ ಕುಟುಂಬದವರಿಗಾಗಿ 1951ರಲ್ಲಿ ಅಲ್-ಅನಾನ್, ಹದಿಹರೆಯದವರಿಗಾಗಿ 1957ರಲ್ಲಿ ಅಲಟೀನ್ ಆರಂಭವಾದವು. ನಮ್ಮ ಪುಣೆಯ ಉದಾಹರಣೆ ಇನ್ನಷ್ಟು ಹತ್ತಿರದ್ದು. ಎಂಬತ್ತರ ದಶಕದಲ್ಲಿ ಬ್ರೌನ್ ಶುಗರ್ ಇಲ್ಲಿನ ಯುವಕರನ್ನು ಕಾಡಿದಾಗ, ಮನೋವೈದ್ಯೆ ಡಾ. ಅನಿತಾ ಅವಚಟ್ ಮತ್ತು ಅವರ ಪತಿ, ಲೇಖಕ ಡಾ. ಅನಿಲ್ ಅವಚಟ್ 1986ರಲ್ಲಿ ಯೆರವಡಾದಲ್ಲಿ ಮುಕ್ತಾಂಗಣ ಕೇಂದ್ರವನ್ನು ತೆರೆದರು. ಪು.ಲ. ದೇಶಪಾಂಡೆ ಹಾಗೂ ಸುನೀತಾಬಾಯಿಯವರ ನೆರವು ಅದಕ್ಕೆ ದೊರೆತಿತ್ತು. ಅನಿತಾ 1997ರಲ್ಲಿ ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. ಮಗಳು ಮುಕ್ತಾ ಪುಣತಾಂಬೇಕರ್ ಹೊಣೆ ಹೊತ್ತರು. ಅಲ್ಲಿ ವ್ಯಸನಿಗಳ ಪತ್ನಿಯರಿಗೆಂದೇ "ಸಹಚರಿ" ಎಂಬ ಗುಂಪಿದೆ. ಕರ್ನಾಟಕದಲ್ಲಿ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳೂ ಮನೆಯವರನ್ನು ಜೊತೆಗೂಡಿಸಿಕೊಳ್ಳುತ್ತವೆ. ಶಿಬಿರ ಮುಗಿಸಿದವರು ಊರಿನಲ್ಲಿ ನವಜೀವನ ಸಮಿತಿಗಳ ಮೂಲಕ ಪರಸ್ಪರ ಆಸರೆಯಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ.

ಕುಡಿಯುವವರು ಒಪ್ಪದಿದ್ದರೂ ಪತ್ನಿ, ಮಕ್ಕಳು ಆಪ್ತಸಲಹೆ ಪಡೆಯಬಹುದು. ಅವರ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾಯಬೇಕಾಗಿಲ್ಲ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಜಾಹೀರಾತು ನೋಡಿ ತರಿಸಿದ ಪುಡಿಯನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸಬೇಡಿ. ಮದ್ಯದೊಡನೆ ಸೇರಿದಾಗ ತೀವ್ರ ಪ್ರತಿಕ್ರಿಯೆ ಉಂಟುಮಾಡುವ ಔಷಧಿಗಳಿವೆ; ಅವನ್ನು ರೋಗಿಗೆ ತಿಳಿಸದೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹಾಗೆಯೇ ನಿತ್ಯ ಹೆಚ್ಚು ಕುಡಿಯುವವರು ಹಠಾತ್ತಾಗಿ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ನಡುಕ, ಫಿಟ್ಸ್, ಮತಿಭ್ರಮೆ ಕಾಣಿಸಿಕೊಳ್ಳಬಹುದು. ನಿಲ್ಲಿಸುವುದು ವೈದ್ಯರ ನಿಗಾದಲ್ಲಿಯೇ ಆಗಲಿ. ಕುಡಿದವರು ಓಡಿಸುವ ಕಾರಿನಲ್ಲಿ ಮಕ್ಕಳನ್ನು ಕೂರಿಸಬಾರದೆಂಬ ನಿಯಮಕ್ಕೆ ವಿನಾಯಿತಿಯೇ ಇಲ್ಲ. ಮನೆಯಲ್ಲಿ ಕೈ ಎತ್ತುವ ಮಟ್ಟಕ್ಕೆ ಹೋದರೆ 112, ಮಕ್ಕಳಿಗೆ 1098. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಸಂಕಟ ಹೇಳಿಕೊಳ್ಳಲು ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಇನ್ನು ಆ ಭಾನುವಾರದ ಕರೆ. ಅಜ್ಜಿ ಅಪ್ಪನನ್ನು ಕೇಳಿದಾಗ ಹುಡುಗ "ಅಮ್ಮಗ ಕೊಡತೇನಿ, ತಡೀರಿ" ಎಂದು ಫೋನನ್ನು ತಾಯಿಯ ಕೈಗೆ ಕೊಟ್ಟು ಆಟಕ್ಕೆ ಹೋಗುವಂತಾಗಬೇಕು. "ಅತ್ತಿ, ನಿಮಗ ಒಂದು ಮಾತು ಹೇಳೋದದ" ಎಂದು ಆಕೆ ಆರಂಭಿಸಿದರೆ, ಆಚೆ ಕಡೆಯವರಿಗೆ ಅದು ಅರ್ಧ ಗೊತ್ತೇ ಇರುತ್ತದೆ.