ಹಿಮದಡಿ ಮೊದಲ ಹತ್ತು ನಿಮಿಷ: ಚಳಿಗಿಂತ ಉಸಿರು ಮುಖ್ಯ



ಚಳಿಗಾಲದ ರಜೆ ಬಂತೆಂದರೆ ಪುಣೆ, ಮುಂಬೈ, ದೆಹಲಿಯಲ್ಲಿರುವ ನಮ್ಮ ಮಕ್ಕಳು ಮನಾಲಿ, ಗುಲ್ಮಾರ್ಗ್ ಕಡೆ ಹೊರಡುತ್ತಾರೆ. ಮೊನ್ನೆ ಬಿಪಿ ತೋರಿಸಲು ಬಂದ ಧಾರವಾಡ ಕಡೆಯ ತಾಯಿಯೊಬ್ಬರು ಕೇಳಿದರು: “ಮಗ ಬರ್ಫದಾಗ ಟ್ರೆಕ್ಕಿಂಗ್ ಹೊಂಟಾನ್ರಿ ಡಾಕ್ಟ್ರೇ, ಥಂಡಿಗೆ ಎದಿಗೆ ಏನರ ಆದೀತೇನ್ರಿ?” ಚಳಿಗೆ ಸ್ವೆಟರ್ ಇದೆ, ಹಿಮಕುಸಿತಕ್ಕೆ ಇಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

*ಪ್ರಾಣ ಹೋಗುವುದು ಹೇಗೆ?*
ಜಾರಿ ಬಂದ ಹಿಮ ನಿಂತ ಕೂಡಲೇ ಗಟ್ಟಿಯಾಗುತ್ತದೆ. ಒಳಗಿದ್ದವರಿಗೆ ಬೆರಳು ಆಡಿಸುವುದೂ ಕಷ್ಟ. ಬಾಯಿ, ಮೂಗಿಗೆ ಹಿಮ ತುಂಬುತ್ತದೆ. ಬಿಟ್ಟ ಬಿಸಿಯುಸಿರಿನಿಂದ ಮುಖದ ಮುಂದಿನ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಗಾಳಿ ಬರುವ ದಾರಿಯನ್ನೇ ಮುಚ್ಚುತ್ತದೆ. ಪೂರ್ತಿ ಹೂತುಹೋದವರನ್ನು 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರು. ಅಷ್ಟರಲ್ಲಿ ದೇಹ ಪ್ರಾಣ ಹೋಗುವಷ್ಟು ತಣ್ಣಗಾಗಿರುವುದಿಲ್ಲ. ಕೊಲ್ಲುವುದು ಉಸಿರುಕಟ್ಟುವಿಕೆ.

*ಹಾಗಾದರೆ ನಮ್ಮ ಹನುಮಂತಪ್ಪ ಕೊಪ್ಪದ?*
ಕುಂದಗೋಳ ತಾಲ್ಲೂಕಿನ ಬೆಟದೂರಿನ ಈ ಯೋಧ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದರು. ಆರನೇ ದಿನ ಸುಮಾರು 25 ಅಡಿ ಆಳದಲ್ಲಿ ಜೀವಂತ ಸಿಕ್ಕರು. ಡೇರೆಯೊಳಗೆ ಉಳಿದಿದ್ದ ಗಾಳಿಯೇ ಅವರನ್ನು ಅಷ್ಟು ದಿನ ಕಾಪಾಡಿತ್ತು. ಆದರೂ ಕಿಡ್ನಿ, ಲಿವರ್ ಕೈಕೊಟ್ಟು, ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅಂಥ ಗಾಳಿಯ ಜಾಗ ಎಲ್ಲರಿಗೂ ಸಿಗುವುದಿಲ್ಲ.

*ಸಿಲುಕದಿರಲು*
1. ಹೊಸ ಹಿಮ ಬಿದ್ದ ಮೇಲೆ ಕನಿಷ್ಠ ಒಂದೆರಡು ದಿನ ಇಳಿಜಾರಿನ ಹತ್ತಿರ ಹೋಗಬೇಡಿ. ಜೋರು ಗಾಳಿ, ಏಕಾಏಕಿ ಬಿಸಿಲು ಬಂದರೂ ಎಚ್ಚರ.
2. 30ರಿಂದ 45 ಡಿಗ್ರಿ ಇಳಿಜಾರು ಅತಿ ಅಪಾಯ. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ಮೇಲೇನಿದೆ ನೋಡಿ.
3. ಕಾಲಡಿ ‘ಧಪ್’ ಎಂಬ ಸದ್ದು, ಹಿಮದಲ್ಲಿ ಬಿರುಕು, ಪಕ್ಕದಲ್ಲೇ ಹೊಸ ಕುಸಿತ ಕಂಡರೆ ವಾಪಸ್ ಬನ್ನಿ. ದುಡ್ಡು ಕಟ್ಟಿದ್ದೇವೆ ಎಂದು ಮುಂದೆ ಹೋಗಬೇಡಿ.
4. ಹಿಮಕುಸಿತದ ಮುನ್ನೆಚ್ಚರಿಕೆಯನ್ನು ಡಿಆರ್‌ಡಿಒದ ಚಂಡೀಗಢ ಸಂಸ್ಥೆ ಡಿಜಿಆರ್‌ಇ ಕೊಡುತ್ತದೆ. ಹೊರಡುವ ದಿನ ನೋಡಿ.
5. ಅನುಮತಿಯ ಗಡಿ ದಾಟಬೇಡಿ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ 15ನೇ ಮೈಲಿ ಬಳಿ 7 ಪ್ರವಾಸಿಗರು ಸತ್ತರು. ಅನುಮತಿ ಇದ್ದದ್ದು 13ನೇ ಮೈಲಿವರೆಗೆ ಮಾತ್ರ ಎಂದು ಅಧಿಕಾರಿಗಳು ಹೇಳಿದ್ದರು.
6. ಚಳಿಗಾಲದಲ್ಲಿ ಎತ್ತರಕ್ಕೆ ಟ್ರೆಕ್ ಹೋಗುವವರು ಪ್ರತಿಯೊಬ್ಬರೂ ಸಿಗ್ನಲ್ ಕೊಡುವ ಬೀಕನ್, ಚುಚ್ಚಿ ಹುಡುಕುವ ಕೋಲು, ಸಲಿಕೆ ಇಟ್ಟುಕೊಳ್ಳಬೇಕು. ಒಬ್ಬರ ಹತ್ತಿರ ಇದ್ದರೆ ಸಾಲದು. ಅಪಾಯದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಿ.

*ಸಿಲುಕಿದರೆ*
ಕೂಗಿ, ಪಕ್ಕಕ್ಕೆ ತಪ್ಪಿಸಿಕೊಳ್ಳಲು ನೋಡಿ. ಹಿಮ ನಿಲ್ಲುವ ಮೊದಲೇ ಕೈಯನ್ನು ಮುಖಕ್ಕೆ ಅಡ್ಡ ತಂದು ಉಸಿರಾಡಲು ಸ್ವಲ್ಪ ಜಾಗ ಮಾಡಿಕೊಳ್ಳಿ.

*ಜೊತೆಗಿದ್ದವರು*
ಕೊನೆಗೆ ಕಂಡ ಜಾಗವನ್ನು ಕಣ್ಣಲ್ಲೇ ಹಿಡಿಯಿರಿ. ಒಬ್ಬರು 112ಕ್ಕೆ ಫೋನ್ ಮಾಡಲಿ, ಉಳಿದವರು ಕೂಡಲೇ ಹುಡುಕಿ ಅಗೆಯಿರಿ. ರಕ್ಷಣಾ ತಂಡ ಬರುವ ಹೊತ್ತಿಗೆ ಆ ಹತ್ತು ನಿಮಿಷ ಮುಗಿದಿರುತ್ತದೆ. ಮೊದಲು ಮುಖ ಬಿಡಿಸಿ, ಬಾಯೊಳಗಿನ ಹಿಮ ತೆಗೆಯಿರಿ.

ಹೃದಯದ ಡಾಕ್ಟರಾಗಿ ಒತ್ತಿ ಹೇಳುವುದು ಇದನ್ನೇ: ಊರಲ್ಲಿ ಯಾರಾದರೂ ಕುಸಿದು ಬಿದ್ದರೆ ಎದೆ ಒತ್ತಿದರೂ ಸಾಕು ಎನ್ನುತ್ತೇವೆ. ಇಲ್ಲಿ ಅದು ಸಾಲದು. ಉಸಿರಾಟ ನಿಂತಿದ್ದರೆ *ಮೊದಲು 5 ಬಾರಿ ಬಾಯಿಯಿಂದ ಉಸಿರು ಕೊಡಿ*, ಆಮೇಲೆ 30 ಬಾರಿ ಎದೆ ಒತ್ತಿ 2 ಉಸಿರಿನಂತೆ ಮುಂದುವರಿಸಿ.

ಹೊತ್ತಾಗಿ ಸಿಕ್ಕವರನ್ನು ಅಡ್ಡ ಮಲಗಿಸಿಯೇ ಮೆಲ್ಲಗೆ ಎತ್ತಿ. ತಣ್ಣಗಾದ ಹೃದಯ ಸಣ್ಣ ಕುಲುಕಿಗೂ ಲಯ ತಪ್ಪಬಹುದು. ಕೈಕಾಲು ತಿಕ್ಕಬೇಡಿ, ಬ್ರಾಂದಿ ಕೊಡಬೇಡಿ. ಒದ್ದೆ ಬಟ್ಟೆ ತೆಗೆದು ಕಂಬಳಿ ಸುತ್ತಿ. ಮೈ ತಣ್ಣಗಿದೆ ಎಂದು ನೀವೇ ‘ಹೋಗಿಬಿಟ್ಟರು’ ಎನ್ನಬೇಡಿ. ಅದನ್ನು ಆಸ್ಪತ್ರೆ ಹೇಳಲಿ.

ಆ ತಾಯಿಯ ಮಗ ಹೊರಡುವ ಮೊದಲು ಗೆಳೆಯರ ಜೊತೆ ಒಂದು ದಿನದ ಸಿಪಿಆರ್ ತರಬೇತಿಗೆ ಹೋಗುತ್ತೇನೆ ಎಂದಿದ್ದಾನೆ. ನಿಮ್ಮ ಮನೆಯಿಂದ ಯಾರಾದರೂ ಹೊರಟಿದ್ದರೆ ಇದನ್ನು ಇವತ್ತೇ ಕಳುಹಿಸಿ. ಹೋಗಿ ಬರಲಿ, ಸುಖವಾಗಿ ಬರಲಿ.