ಮಣ್ಣಿನಲ್ಲಿ ಉಳಿದ ಹುಳುವಿನ ಮನೆ

ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಇಳಿದಾಗ ದಂಡೆಯ ಮೆಕ್ಕಲು ಮಣ್ಣು ಬಯಲಾಗುತ್ತದೆ. ಇಂಥ ಮಣ್ಣು ಹುಳುಗಳಿಗೆ ಬಲು ಅಚ್ಚುಮೆಚ್ಚು. ಕಣಜ, ಇರುವೆ, ಸಗಣಿಹುಳುಗಳು ಇದರಲ್ಲಿ ಬಿಲ ತೋಡುತ್ತವೆ. ಅಷ್ಟು ಹಗುರವಾದ ಮನೆಯೊಂದು ಕಲ್ಲಾಗಿ ಕೋಟ್ಯಂತರ ವರ್ಷ ಉಳಿಯಬಲ್ಲುದೆ?

ಈ ಸೀಮೆಯ ಬಂಡೆಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ. ಇಳಕಲ್ಲಿನ ಕೆಂಪು ಗ್ರಾನೈಟ್ ಕರಗಿದ ಶಿಲಾರಸ ಆರಿ ಆದುದು. ಬಾಗಲಕೋಟೆಯ ಸುಣ್ಣಶಿಲೆಗಳು ನೂರು ಕೋಟಿ ವರ್ಷಗಳಿಗೂ ಹಳೆಯವು; ಅವುಗಳಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳುಂಟು, ಹುಳುವಿನ ಸುಳಿವಿಲ್ಲ. ಬಾದಾಮಿಯ ಮರಳುಶಿಲೆಯೂ ಕೀಟಗಳ ಹುಟ್ಟಿಗೆ ಬಹು ಹಿಂದಿನದೇ. ನಮಗೆ ದೊರೆತಿರುವ ಅತಿ ಪ್ರಾಚೀನ ಕೀಟಾವಶೇಷಗಳಿಗೆ ಸುಮಾರು 40 ಕೋಟಿ ವರ್ಷ ಮಾತ್ರ. ಬಾದಾಮಿಯ ಬಂಡೆಯಲ್ಲಿ ಯಾರಾದರೂ ಪ್ರಾಚೀನ ಹುಳುವಿನ ಬಿಲವೆಂದು ತೋರಿಸಿದರೆ, ಅದನ್ನು ಮಳೆಗಾಳಿ ಸವೆಸಿರಬೇಕು, ಇಲ್ಲವೆ ಈಚಿನ ಯಾವುದೋ ಕಣಜ ಕೊರೆದಿರಬೇಕು.

ಆದರೆ ಹೊರದೇಶಗಳಲ್ಲಿ, ಹೂತುಹೋದ ಪ್ರಾಚೀನ ಮಣ್ಣುಗಳಲ್ಲಿ, ಹುಳುವಿನ ಮನೆಗಳು ದೊರೆತಿವೆ. ಹುಳುವಿನ ಒಡಲು ಕೊಳೆತುಹೋಗುತ್ತದೆ. ಅದು ಮೆತ್ತಿ ಗಟ್ಟಿಮಾಡಿದ ಗೋಡೆ ನಿಲ್ಲುತ್ತದೆ. ಸಗಣಿಗೆ ಹೆಂಡಿಯೆನ್ನುವ ಈ ನಾಡಿನ ಹುಡುಗರೆಲ್ಲ ಉಂಡೆ ಉರುಳಿಸುವ ಹುಳುವನ್ನು ಕಂಡವರೇ. ಕೆಲವು ಜಾತಿಗಳು ಆ ಉಂಡೆಯನ್ನು ನೆಲದೊಳಗೆ ಹೂಳಿ, ಸುತ್ತ ಮಣ್ಣಿನ ಕವಚ ಮೆತ್ತಿ, ಮೊಟ್ಟೆಯಿಡುತ್ತವೆ. ಮರಿಹುಳು ಒಳಗಿನದನ್ನು ತಿಂದು ಬೆಳೆದು, ಗೋಡೆ ಕೊರೆದು ಹೊರಬೀಳುತ್ತದೆ. ಅರ್ಜೆಂಟೀನದ ಪ್ಯಾಟಗೋನಿಯಾದಲ್ಲಿ ಇಂಥ ಉಂಡೆಗಳು ಸುಮಾರು 4 ಕೋಟಿ ವರ್ಷಗಳ ಹಿಂದಿನ ಮಣ್ಣಿನಲ್ಲಿ ಸಿಕ್ಕಿವೆ. ಹೊರಬಿದ್ದ ತೂತಿದ್ದರೆ ಮರಿ ಬದುಕಿತೆಂದು ತಿಳಿಯಬಹುದು! ಉಂಡೆಯಿದ್ದಲ್ಲಿ ಸಗಣಿ ಹಾಕುವ ಪ್ರಾಣಿಗಳಿದ್ದುವೆಂಬುದೂ ಸಿದ್ಧ. 1996ರಲ್ಲಿ ಕಾರೆನ್ ಚಿನ್ ಮತ್ತು ಬ್ರೂಸ್ ಗಿಲ್ ಎಂಬುವರು ಅಮೆರಿಕದ ಮೊಂಟಾನಾದಲ್ಲಿ ದೊರೆತ, ಕಲ್ಲಾದ ಡೈನೊಸಾರ್ ಲದ್ದಿಯೊಳಗೆ ಸಗಣಿಹುಳುಗಳ ಬಿಲಗಳನ್ನು ಗುರುತಿಸಿದರು. ಒಂದು ಹುಳುವೂ ಸಿಕ್ಕಿರಲಿಲ್ಲ, ಬಿಲಗಳೇ ಸಾಕ್ಷಿ.

ಎಲ್ಲ ಮಣ್ಣೂ ಇಂಥ ಸಾಕ್ಷಿಯನ್ನು ಕಾಯುವುದಿಲ್ಲ. ಹುನಗುಂದದ ಎರೆಭೂಮಿಯನ್ನೇ ನೋಡೋಣ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ಮೇಲಿನ ಮಣ್ಣು ಬಿರುಕುಗಳಲ್ಲಿ ಕೆಳಗಿಳಿದು, ವರ್ಷ ವರ್ಷವೂ ಅದು ತನ್ನನ್ನೇ ಕಲಸಿಕೊಳ್ಳುತ್ತದೆ. ಜೋಳಕ್ಕೆ ಉತ್ತಮವಾದ ಆ ಮಣ್ಣು ಬಿಲಗಳಿಗೆ ಮೃತ್ಯು. ನದಿಯ ಮೆಕ್ಕಲಿನಲ್ಲಿ ಹೂಳು ಬೇಗ ಮುಚ್ಚಿ, ಸುಣ್ಣ ಇಂಗಿ ಗಟ್ಟಿಯಾದರೆ ಮಾತ್ರ ಆಸೆಯುಂಟು.

ಅಲ್ಲಿಯೂ ಮೋಸಹೋಗುವುದುಂಟು. ಬೇರಿನ ಸುತ್ತ ಸುಣ್ಣ ಗಂಟುಗಟ್ಟಿದರೆ ಬಿಲದಂತೆಯೇ ತೋರುತ್ತದೆ. ಬೇರು ಕವಲೊಡೆಯುತ್ತ ಕಿರಿದಾಗುತ್ತದೆ. ಹುಳುವಿನ ಸುರಂಗ ಬಹುಮಟ್ಟಿಗೆ ಒಂದೇ ಅಗಲವಾಗಿದ್ದು, ಕೆಲವೊಮ್ಮೆ ಹಿಂದಕ್ಕೆ ತಳ್ಳಿದ ಮಣ್ಣು ಚಂದ್ರರೇಖೆಗಳಂತೆ ಒಂದರ ಹಿಂದೊಂದು ಕೂತಿರುತ್ತದೆ. ಕಂಡ ಗಂಟನ್ನು ಕಿತ್ತು ಜೇಬಿಗೆ ಹಾಕಿಕೊಂಡವನು ಅದು ಯಾವ ಪದರದ್ದೆಂಬುದನ್ನು ದಂಡೆಯಲ್ಲಿಯೇ ಬಿಟ್ಟು ಬಂದಿರುತ್ತಾನೆ. ಚಿತ್ರ ಬರೆದು, ಆಳ ಅಳೆದು, ಗಂಟನ್ನು ಅಲ್ಲಿಯೇ ಬಿಡಬೇಕು.

ಸಂಗಮದ ದಂಡೆಯಲ್ಲಿ ಈ ಬೇಸಗೆ ತೋಡಿದ ಬಿಲವೊಂದನ್ನು ಮುಂದಿನ ಮಳೆಗಾಲದ ನೀರು ಕೊಚ್ಚಿಹಾಕಬಹುದು. ಇಲ್ಲವೆ ಅದೇ ನೀರು ತಂದ ಹೂಳು ಅದರ ಬಾಯನ್ನು ಮೆಲ್ಲನೆ ಮುಚ್ಚಬಹುದು.